ತುಪ್ಪಟವಿಲ್ಲದ ಮರಿ

ನನ್ನ ಮಗಳು ಹುಟ್ಟಿದಾಗ ನೋಡಲು ಬಂದವರೆಲ್ಲ ಬಾಯಿಗೆ ಸೆರಗು ಹಿಡಿದರು. ಮೈಯಲ್ಲಿ ಬಣ್ಣವೆಂಬುದೇ ಇರಲಿಲ್ಲ. ರೆಪ್ಪೆ, ಹುಬ್ಬು, ತಲೆಗೂದಲು ಎಲ್ಲವೂ ಬಿಳಿ. ಕೋಡಿಹಳ್ಳಿ ಕಡೆಯ ರಾಗಿ ಹೊಲದಲ್ಲಿ ದುಡಿದು ಕಪ್ಪಾದ ನಮ್ಮ ಮನೆಗೆ ಇದೆಲ್ಲಿಂದ ಬಂತಪ್ಪ ಎಂದು ನಾನು ಕಣ್ಣೀರಿಟ್ಟೆ.

ಅತ್ತೆ ಗಟ್ಟಿ ಹೆಂಗಸು. "ಅಳ್ಬೇಡ ಕಣವ್ವಾ, ಒಸಿ ಬಿಸಿಲಿಗೆ ಬುಟ್ರೆ ಬಣ್ಣ ಹತ್ತದೆ" ಎಂದು ಮಗುವಿಗೆ ಎಣ್ಣೆ ಹಚ್ಚಿ, ಮೊರದಲ್ಲಿ ಮಲಗಿಸಿ, ಅಂಗಳಕ್ಕೆ ಒಯ್ದರು. ಊರಿಗೆ ಊರೇ ಹಾಗೆ ನಂಬಿತ್ತು. ರಾಗಿ ಹುರಿದರೆ ಬಣ್ಣ ಬರುವುದಿಲ್ಲವೇ!

ಕುರಿ ಹಟ್ಟಿಯಲ್ಲಿದ್ದ ಮಾವ ಅದನ್ನು ಕಂಡವರೇ ಓಡಿಬಂದು, ಮೊರವನ್ನು ಎತ್ತಿಕೊಂಡು ಒಳಕ್ಕೆ ನಡೆದರು. "ಲೇ ಇವ್ಳೇ, ತುಪ್ಪಟ ಕತ್ತರ್ಸಿದ್ ಕುರೀನೇ ನಾನು ನೆಳ್ಳಲ್ಲಿ ಕಟ್ತೀನಿ, ಬೆನ್ನು ಸುಟ್ಟೋಯ್ತದೆ ಅಂತ. ಇದು ತುಪ್ಪಟನೇ ಇಲ್ದೆ ಹುಟ್ಟಿರೋ ಮರಿ. ಬಿಸಿಲಿಗಿಕ್ಕಿ ಕೊಂದ್ಬುಟ್ಟೀಯಾ?" ಕುರಿಯ ಉಣ್ಣೆಗೆ ಅವರು ತುಪ್ಪಟ ಅನ್ನುತ್ತಿದ್ದರು.

ಮಗಳು ನಡೆಯುವಂತಾದಾಗ ಮಾವ ಹಳೆಯ ಕಂಬಳಿಯೊಂದನ್ನು ಕತ್ತರಿಸಿ ಪುಟ್ಟ ಕೊಪ್ಪೆ ಮಾಡಿದರು. ಮಳೆ ಬಂದರೆ ನಾವೆಲ್ಲ ತಲೆ ಮೇಲಿಂದ ಇಳಿಬಿಡುವ ಮುಸುಕು ಅದು. ಇವಳು ಉರಿ ಬೇಸಿಗೆಯಲ್ಲೂ ಅದನ್ನು ಹಾಕಿಕೊಂಡೇ ಶಾಲೆಗೆ ಹೋಗಬೇಕಿತ್ತು. "ಮಳೆ ಬತ್ತಾ ಐತೇನಮ್ಮೀ?" ಎಂದು ಮಕ್ಕಳು ರೇಗಿಸಿದರೆ ಅಳುತ್ತಾ ಬರುತ್ತಿದ್ದಳು. ಕನಕಪುರದ ಚರ್ಮದ ಡಾಕ್ಟರಮ್ಮ ಉದ್ದ ತೋಳಿನ ಬಟ್ಟೆ, ಅಗಲ ಟೋಪಿ, ಬಿಸಿಲಿಗೆ ಹಚ್ಚುವ ಕ್ರೀಮು ಹೇಳಿದರು. ನಡುಹಗಲು ಹೊರಗೆ ಬಿಡಬೇಡಿ, ಇಂಥ ಚರ್ಮಕ್ಕೆ ಕ್ಯಾನ್ಸರ್ ಬೇಗ ಹತ್ತುತ್ತದೆ ಎಂದರು. ಮಾವ ಟೋಪಿ ಕೊಡಿಸಿದರು, ಕ್ರೀಮನ್ನು ದಿನವೂ ತಾವೇ ಹಚ್ಚಿದರು. ಕೊಪ್ಪೆಯನ್ನು ಮಾತ್ರ ಬಿಡಿಸಲಿಲ್ಲ. ಹಠಮಾರಿ ಮುದುಕ!

ಹಾರೋಹಳ್ಳಿಯ ಫ್ಯಾಕ್ಟರಿಗೆ ಸೇರಿದ ಮೇಲೆ ಅವಳು ಕೊಪ್ಪೆ, ಟೋಪಿ ಎಲ್ಲವನ್ನೂ ಮೂಲೆಗೆಸೆದಳು. ಬಿಳಿಯ ಜನ ಸಮುದ್ರದ ದಂಡೆಯಲ್ಲಿ ಮಲಗಿ ಮೈಗೆ ಬಣ್ಣ ತರಿಸಿಕೊಳ್ಳುವುದನ್ನು ಫೋನಿನಲ್ಲಿ ನೋಡಿದ್ದಳಂತೆ. ಭಾನುವಾರ ಬಂದರೆ ತಾರಸಿ ಹತ್ತಿ ಬಿಸಿಲಿಗೆ ಮುಖ, ಮುಂಗೈ ಒಡ್ಡಿ ಕೂರುವಳು. ಅಜ್ಜಿಯ ಮೊರವೇ ತಾರಸಿಗೆ ಹತ್ತಿದಂತಾಯಿತು! ಬಣ್ಣ ಎಲ್ಲಿಂದ ಬರಬೇಕು? ಮುಖ ಕೆಂಪಗೆ ಸುಟ್ಟು ಸಿಪ್ಪೆ ಎದ್ದಿತು. ಆಮೇಲೆ ಕಿವಿಯ ಮುಂದೆ ಒರಟು ಕಲೆಯೊಂದು ಕಾಣಿಸಿಕೊಂಡಿತು. ಕೆರೆದರೆ ರಕ್ತ, ಏನು ಮಾಡಿದರೂ ವಾಸಿಯಾಗಲೊಲ್ಲದು. ಡಾಕ್ಟರಮ್ಮ ಹಿಂದೆ ಹೇಳಿದ್ದು ನೆನಪಾಗಿ ನನ್ನ ಜೀವ ಬಾಯಿಗೆ ಬಂತು.

ಮತ್ತೆ ಅವರ ಬಳಿಗೇ ಹೋದೆವು. ದೊಡ್ಡ ದೀಪದ ಕೆಳಗೆ ಅವರು ಮಸೂರ ಹಿಡಿದು ಅವಳ ಮೈಯನ್ನೆಲ್ಲ ನೋಡಿದರು. ಪಕ್ಕದಲ್ಲಿ ನಿಂತು ನಾನು ಕಂಡದ್ದನ್ನು ಹೇಗೆ ಹೇಳಲಿ? ಮುಖದಲ್ಲಿ, ಮುಂಗೈಗಳ ಮೇಲೆ ಮಚ್ಚೆ, ಸುಕ್ಕು. ಎಳೆ ಹುಡುಗಿಗೆ ಮುದುಕಿಯ ಚರ್ಮ. ಕೊಪ್ಪೆ ಮುಚ್ಚುತ್ತಿದ್ದ ಬೆನ್ನು, ಹೆಗಲು, ತೋಳು ಮಾತ್ರ ಮೊರದಲ್ಲಿ ಮಲಗಿದ್ದ ದಿನ ಹೇಗಿದ್ದವೋ ಹಾಗೇ ಇದ್ದವು. ಒಂದು ಚುಕ್ಕೆಯೂ ಇಲ್ಲ. ಅಬ್ಬಬ್ಬಾ! ಒಂದೇ ಮೈಯಲ್ಲಿ ಸೂರ್ಯ ಮಾಡಿದ್ದೂ ಮಾವ ತಡೆದದ್ದೂ ಪಕ್ಕಪಕ್ಕದಲ್ಲೇ ಇದ್ದವು. ಎಷ್ಟು ದೊಡ್ಡ ಬೆಂಕಿ, ಎಷ್ಟು ಸಣ್ಣ ಕಂಬಳಿ. ನನಗರಿವಿಲ್ಲದೆ ಕೈ ಮುಗಿದಿದ್ದೆ.

ಕಲೆಯ ತುಣುಕನ್ನು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಮತ್ತೆ ಹೋದೆವು. "ಕ್ಯಾನ್ಸರ್ ಅಲ್ಲಮ್ಮಾ. ಆಗೋ ದಾರೀಲಿತ್ತು. ಈಗಲೇ ತೆಗೆದುಬಿಡೋಣ" ಎಂದರು ಡಾಕ್ಟರಮ್ಮ. ಮಗಳು ಕಲೆ ತೆಗೆಸಿಕೊಂಡಳು. ಮನೆಗೆ ಬಂದವಳೇ ತಾತನ ಮುಂದೆ ಕೂತು, "ತಾತ, ನಂಗೊಂದು ದೊಡ್ ಕೊಪ್ಪೆ ಮಾಡ್ಕೊಡು" ಎಂದಳು. ಕಣ್ಣು ಮಂಜಾಗಿರುವ ಮಾವ ಗೋಡೆ ತಡವುತ್ತಾ ಹೋಗಿ ತಾವು ಹೊದೆಯುವ ಕಂಬಳಿಯನ್ನೇ ತಂದುಕೊಟ್ಟರು.

ಈ ಬೇಸಿಗೆಯಲ್ಲಿ ಒಂದು ದಿನ ಅವಳು ಮಧ್ಯಾಹ್ನದ ಪಾಳಿಗೆ ಹೊರಟು, ಕ್ರೀಮು ಹಚ್ಚಿ, ಕೊಪ್ಪೆ ಹಾಕಿಕೊಂಡು ಬಸ್ಸಿಗೆ ಕಾಯುತ್ತಿದ್ದಳು. ಜೊತೆಗೆ ನಾನೂ ಇದ್ದೆ. ಅವಳ ಜೊತೆ ಓದಿದ ಹುಡುಗನೊಬ್ಬ ಬೈಕ್ ನಿಲ್ಲಿಸಿ, "ಏನಮ್ಮೀ, ಮಳೆ ಬತ್ತಾ ಐತಾ?" ಎಂದು ಕಿಸಕ್ಕನೆ ನಕ್ಕ.

ಅವಳು ಮುಸುಕನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು. "ನನ್ ಮ್ಯಾಲೆ ದಿನಾ ಸುರೀತದೆ ಕಣ್ಲಾ. ನಿಂಗೆ ಕಾಣಾಕಿಲ್ಲ, ಅಷ್ಟೇಯ."