ಹರಾಜು ಮುಗಿದ ಮಾತ್ರೆ

ಶಿರಾದ ಮೆಡಿಕಲ್ ಸ್ಟೋರಿನಲ್ಲಿ ಅವತ್ತು ನಾನು ಜಗಳಕ್ಕೇ ನಿಂತುಬಿಟ್ಟೆ. ದೊಡ್ಡಮ್ಮನ ಹೃದಯದ ಮಾತ್ರೆಗೆ ಅಂಗಡಿಯವನು ಕೇಳಿದ ದುಡ್ಡು ಅಷ್ಟು ಕಡಿಮೆ! "ಸರಿಯಾಗಿ ನೋಡು ಭಾಯ್, ಯಾವ್ದೋ ತಲೆನೋವಿನ ಮಾತ್ರೆ ಕೊಟ್ಟಿದ್ದೀಯ" ಎಂದು ಗದರಿದೆ.

"ಅರೇ ಅಕ್ಕಾ, ಅದೇ ಮಾತ್ರೆ, ಅದೇ ಪವರ್ರು. ಪೇಟೆಂಟ್ ಖತಂ ಆಯ್ತು. ಇಷ್ಟು ದಿನ ಒಂದೇ ಕಂಪ್ನಿ ಮಾಡ್ತಿತ್ತು, ಈಗ ಎಲ್ರೂ ಮಾಡ್ತಾವ್ರೆ. ರೇಟ್ ಬಿದ್ದೋಯ್ತು" ಎಂದು ಅವನು ನಕ್ಕ.

ಅಂಗಡಿ ಮುಂದೆಯೇ ಕುಣಿದುಬಿಡೋಣ ಅನಿಸಿತು. ದೊಡ್ಡಮ್ಮನ ಹೃದಯ ಸೋತಿದೆ, ಈ ಮಾತ್ರೆ ಒಂದು ದಿನವೂ ತಪ್ಪಬಾರದು ಎಂದು ತುಮಕೂರಿನ ಡಾಕ್ಟರು ಹೇಳಿದ್ದರು. ತಿಂಗಳು ತಿಂಗಳೂ ನಾನು ತಂದುಕೊಡುತ್ತಿದ್ದರೂ ಕಾಲಿನ ಬಾವು ಇಳಿಯಲಿಲ್ಲ, ಮಲಗಿದರೆ ಉಸಿರು ಕಟ್ಟುವುದು ನಿಲ್ಲಲಿಲ್ಲ. ಹೀಗೇ ಆದರೆ ಈ ವರ್ಷ ದಾಟುವುದು ಕಷ್ಟ ಎಂದಿದ್ದರು. ನನ್ನ ದುಡ್ಡು ಉಳಿಸಲು ಈ ಮುದುಕಿ ದಿನ ಬಿಟ್ಟು ದಿನ ನುಂಗುತ್ತಾಳೆ ಎಂದು ನನಗೆ ಗುಮಾನಿ.

ಕೈಚೀಲದ ತುಂಬ ಮಾತ್ರೆ ಕೊಂಡು, ಮಧುಗಿರಿಯಲ್ಲಿ ಬಸ್ಸು ಬದಲಿಸಿ ಪಾವಗಡದ ಕಡೆ ಹೊರಟೆ. ಪಕ್ಕದವಳಿಗೆ ರೇಟು ಹೇಳಿದೆ, ಹಿಂದಿನ ಸೀಟಿನವರಿಗೆ ಹೇಳಿದೆ, ಕಂಡಕ್ಟರನಿಗೂ ಹೇಳಿದೆ. "ಮೊದ್ಲು ಆಧಾರ್ ತೋರ್ಸಮ್ಮ" ಎಂದ ಅವನು. ಅರಸಿಕ!

ನಾಗಲಮಡಿಕೆ ಹತ್ತಿರದ ಹಳ್ಳಿಯಲ್ಲಿ ದೊಡ್ಡಮ್ಮ ಜಗುಲಿ ಮೇಲೆ ಕೂತಿದ್ದಳು. ಬೆಲೆ ಕೇಳಿದ್ದೇ ತಡ, ಮಾತ್ರೆಯ ಶೀಟನ್ನು ದೂರ ತಳ್ಳಿದಳು.

"ಇಷ್ಟು ಅಗ್ಗಕ್ಕೆ ಕೊಟ್ಟವ್ನೆ ಅಂದ್ರೆ ಇದು ಸುಣ್ಣದುಂಡೆ ಕಣಮ್ಮ. ನನ್ನ ಸಾಯ್ಸಕ್ಕೆ ತಂದ್ಯಾ?"

ಮೈಯೆಲ್ಲ ಉರಿದುಹೋಯಿತು. "ಸುಮ್ನೆ ಕೇಳಿಲ್ಲಿ! ರೋಡಿನ ಹುಣಸೆಮರ ಹರಾಜು ಹಿಡಿದೋನು ಏನ್ಮಾಡ್ತಿದ್ದ?"

"ಅವ್ನ ಮನೆ ಹಾಳಾಗ! ಉದುರಿದ್ ಹಣ್ಣು ಆಯ್ದ್ರೂ ದೊಣ್ಣೆ ಹಿಡ್ಕಂಡ್ ಬರ್ತಿದ್ದ."

"ಇದೂ ಅಂಗೇ. ಕಂಡುಹಿಡಿದ ಕಂಪ್ನಿಗೆ ಸರ್ಕಾರ ಇಪ್ಪತ್ತು ವರ್ಷ ಹರಾಜು ಕೊಟ್ಟಂಗೆ. ಬೇರೆಯೋರು ಮಾಡಂಗಿಲ್ಲ, ಅವ್ರು ಹೇಳಿದ್ದೇ ರೇಟು. ಈಗ ಮುಗೀತು."

"ಇಪ್ಪತ್ತು ವರ್ಷಾನಾ? ದೇವುಡಾ!"

"ಕಂಡುಹಿಡಿಯಕ್ಕೆ ಅವ್ರೂ ದುಡ್ಡು ಸುರಿದಿರ್ತಾರಲ್ಲ, ದೊಡ್ಡಮ್ಮ."

"ಸುರೀಲಿ ಬುಡು, ಹಾಕಿದ್ ದುಡ್ಡು ಹುಟ್ಟಿಸ್ಕಳ್ಳಿ, ಯಾರ್ ಬ್ಯಾಡಂದ್ರು? ಹುಣಸೆಹಣ್ಣು ಇಲ್ದಿದ್ರೆ ಟೊಮೆಟೊ ಕಿವುಚಿ ಸಾರು ಮಾಡ್ತೀವಿ. ಉಸ್ರಿಗೆ ಏನ್ ಕಿವುಚಾದು?"

ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳೂ ನಕ್ಕಳು, ನಕ್ಕು ಕೆಮ್ಮಿದಳು. ಬೆನ್ನು ಸವರಿ, ಶೀಟಿನಿಂದ ಒಂದು ಮಾತ್ರೆ ಒತ್ತಿ ಅಂಗೈಗೆ ಹಾಕಿದೆ. "ತಗೋ, ಇವತ್ತಿನದು ನುಂಗು."

"ಇವತ್ತು ನಂದಲ್ಲ. ನಾಳೆ ನಂದು."

"ಹಂಗಂದ್ರೆ?"

ದೊಡ್ಡಮ್ಮ ಗದ್ದ ಎತ್ತಿ ಪಕ್ಕದ ಮನೆಯ ಗೋಡೆ ತೋರಿಸಿದಳು. ಆ ಮನೆಯ ಹೆಂಗಸು ಅವಳ ಜೊತೆ ಕೂಲಿಗೆ ಹೋಗುತ್ತಿದ್ದವಳು. "ಅವ್ಳ್ಗೂ ನನ್ ಕಾಯ್ಲೆನೇ. ಡಾಕ್ಟ್ರು ಇದೇ ಮಾತ್ರೆ ಬರ್ದವ್ರೆ, ತಗಳಾ ತಾಕತ್ತಿಲ್ಲ. ಎದುರ್ಗೇ ಎದೆ ಹಿಡ್ಕಂಡು ಕೂತಿರ್ತಾಳೆ. ನಾನೊಬ್ಳೇ ಹೆಂಗೆ ನುಂಗ್ಲಿ, ನೀನೇ ಹೇಳು?"

ಒಬ್ಬರು ಬದುಕುವಷ್ಟು ಮಾತ್ರೆಯಲ್ಲಿ ಇಬ್ಬರೂ ಅರ್ಧರ್ಧ ಸಾಯುತ್ತಿದ್ದರು.

ದೊಡ್ಡಮ್ಮ ಆಗಲೇ ಗೋಡೆಯತ್ತ ತಿರುಗಿ ಕೂಗುತ್ತಿದ್ದಳು. "ಬಾರಮ್ಮಿ! ಹರಾಜು ಮುಗೀತಂತೆ! ಇನ್ಮ್ಯಾಲೆ ದಿನಾ ಇಬ್ರುದೂ!"

ಆ ಹೆಂಗಸು ಗೋಡೆ ಹಿಡಿದು, ಏದುಸಿರು ಬಿಡುತ್ತ, ನಗುತ್ತ ಬಂದಳು. ನಾನು ಎರಡು ಲೋಟ ನೀರು ತಂದಿಟ್ಟೆ.