ವೈರಿನ ವಿಷಯದಲ್ಲಿ ಎತ್ತಿದ ಕೈ

ನಮ್ಮ ಭಾವನಿಗೆ ಕನ್ನಡಕದ ಅಂಗಡಿಯಿದೆ. ಊರಿಗೆಲ್ಲ ದೃಷ್ಟಿ ಕೊಡುವ ಮನುಷ್ಯ ಸ್ವಂತ ಮನೆಯಲ್ಲಿ ಯಾರ ದೃಷ್ಟಿಗೂ ಬೀಳುವುದಿಲ್ಲ. ಮಿಕ್ಸಿ ಕೆಟ್ಟರೆ ಅಕ್ಕ ಬಿಚ್ಚುತ್ತಾಳೆ, ನಲ್ಲಿ ಸೋರಿದರೆ ಮಗಳು ವಾಷರ್ ಹಾಕುತ್ತಾಳೆ. ಸಹಾಯಕ್ಕೆಂದು ಭಾವ ಹತ್ತಿರ ಹೋದರೆ, "ಅಪ್ಪಾ, ಸ್ವಲ್ಪ ಬೆಳಕು ಬಿಡಿ" ಎಂಬ ಉತ್ತರ. ಅಂಗಡಿಯಲ್ಲೂ ಅದೇ ಕಥೆ. ಗಿರಾಕಿ ಹೊಸ ಫ್ರೇಮ್ ಏರಿಸಿಕೊಂಡು "ಹೇಗಿದೆ?" ಎಂದರೆ ಭಾವ ನಿಜ ಹೇಳಿಬಿಡುತ್ತಾರೆ. ಆ ಗಿರಾಕಿ ಪಕ್ಕದ ಅಂಗಡಿಗೆ ಹೋಗಿ ಅದೇ ಫ್ರೇಮ್ ಕೊಳ್ಳುತ್ತಾನೆ.

ಇಂಥ ಭಾವನಿಗಾಗಿ ಜನ ಕಾಯುತ್ತಿದ್ದ ಜಾಗ ಪ್ರಪಂಚದಲ್ಲಿ ಒಂದೇ ಒಂದು ಇತ್ತು. ಅದು ಮುಕ್ತ ತಂತ್ರಾಂಶ ಬಳಗ. ಅಕ್ಕ ಅದನ್ನು ಮುಕ್ತಿ ಸಂಘ ಎನ್ನುತ್ತಾಳೆ. "ಯಾರಿಗೆ ಮುಕ್ತಿ?" ಎಂದು ಕೇಳಿದರೆ, "ನನಗೆ! ಶನಿವಾರ ಮಧ್ಯಾಹ್ನ ನಾನು ಅಂಗಡೀಲಿ ಕೂತ್ರೆ ವ್ಯಾಪಾರ ಆಗುತ್ತೆ" ಎನ್ನುತ್ತಾಳೆ.

ಬಳಗ ಸೇರುವುದು ಟೈಪಿಂಗ್ ಕಲಿಸುವ ಮೇಡಂ ಅವರ ಹಾಲ್‌ನಲ್ಲಿ. ಗೋಡೆಯ ಮೇಲೆ ಕೀಲಿಮಣೆಯ ಬಣ್ಣ ಮಾಸಿದ ಚಿತ್ರ, ಮೂಲೆಯಲ್ಲಿ ಮುಸುಕು ಹಾಕಿಕೊಂಡು ಕೂತ ಹಳೆಯ ಟೈಪ್‌ರೈಟರುಗಳು. ಬಾಡಿಗೆ ಇಲ್ಲ, ಹೋಗುವಾಗ ಕುರ್ಚಿ ಒಂದರ ಮೇಲೊಂದು ಜೋಡಿಸಿ, ಕಿಟಕಿ ಮುಚ್ಚಿದರೆ ಸಾಕು. ಕಂಪ್ಯೂಟರಿನಲ್ಲಿ ಓಡುವ ಪ್ರತಿಯೊಂದರ ಒಳಗೂ ಏನಿದೆ ಎಂದು ಬಿಚ್ಚಿ ನೋಡುವ, ತಿದ್ದುವ, ಹಂಚುವ ಹಕ್ಕು ಎಲ್ಲರಿಗೂ ಇರಬೇಕು ಎಂಬುದು ಬಳಗದ ತತ್ವ. ಇಲ್ಲಿ ಎಲ್ಲರೂ ಸಮಾನರಾದ್ದರಿಂದ ಅಧ್ಯಕ್ಷರಿಲ್ಲ. ಅಧ್ಯಕ್ಷರಿಲ್ಲ ಎಂಬುದನ್ನು ಪ್ರತಿ ಸಭೆಯ ಆರಂಭದಲ್ಲಿ ಕೆಮಿಸ್ಟ್ರಿ ಮೇಷ್ಟ್ರು ಅಧ್ಯಕ್ಷರ ಕುರ್ಚಿಯಿಂದ ಘೋಷಿಸುತ್ತಾರೆ.

ಭಾವ ಈ ಬಳಗಕ್ಕೆ ಸೇರಿದ್ದೇ ಆಕಸ್ಮಿಕ. ಮೇಷ್ಟ್ರ ಕನ್ನಡಕ ಕೊಡಲು ಹೋದವರು, ಪ್ರೊಜೆಕ್ಟರಿನ ಸುತ್ತ ಎಲ್ಲರೂ ಬಗ್ಗಿ ನಿಂತಿದ್ದನ್ನು ಕಂಡು, ಕಾಲಿಗೆ ತೊಡರಿದ ವೈರನ್ನು ಎತ್ತಿದರು. ಗೋಡೆಯ ಮೇಲೆ ಚಿತ್ರ ಮೂಡಿತು. ಕೆಳಗಿಟ್ಟರು, ಚಿತ್ರ ಮಾಯ. ಮತ್ತೆ ಎತ್ತಿದರು. ಅಂದಿನಿಂದ ಈ ವಿಷಯದಲ್ಲಿ ಅವರದು ಎತ್ತಿದ ಕೈ. ಭಾಷಣ ಮುಗಿಯುವವರೆಗೂ, ರೋಗಿಯ ಪಕ್ಕ ಗ್ಲೂಕೋಸ್ ಬಾಟಲಿ ಹಿಡಿದವರ ಹಾಗೆ ವೈರು ಹಿಡಿದು ನಿಲ್ಲುವರು. ಸ್ವಂತ ಕಂಪ್ಯೂಟರ್ ಇಲ್ಲ, ಬೇಕೆಂದು ಅನ್ನಿಸಿಯೂ ಇಲ್ಲ. ಹೊಸ ವೈರು ತರಬಹುದಿತ್ತಲ್ಲ ಎನ್ನಬೇಡಿ. ಆ ಬಗ್ಗೆ ಚರ್ಚೆ ನಡೆಯುತ್ತಲೇ ಇತ್ತು. ಎಂಥ ವೈರು ಎಂಬುದರಲ್ಲಿ ಭಿನ್ನಾಭಿಪ್ರಾಯವಿತ್ತು.

ಸಭೆಯ ಹೆಚ್ಚಿನ ಹೊತ್ತು ಪ್ರೊಜೆಕ್ಟರಿಗೇ ಹೋಗುತ್ತಿತ್ತು. "ಅಂಕಲ್, ಇನ್ನೂ ಮೇಲೆ!", "ಮೇಲೆ ಬೇಡ ಯಜಮಾನ್ರೇ, ಎಡಕ್ಕೆ!", "ಹಾಂ, ಬಂತು ಬಂತು, ಉಸಿರಾಡ್ಬೇಡಿ!" ಹೀಗೆ ಕೂಗಾಡಿ, ನಕ್ಕು, ಕಾಫಿ ಕುಡಿದು, ಕೊನೆಗೆ ಮೇಷ್ಟ್ರು ಎರಡು ಸ್ಲೈಡ್ ತೋರಿಸುವಷ್ಟರಲ್ಲಿ ಮೇಡಂ ಬೀಗದ ಕೈ ಅಲ್ಲಾಡಿಸುತ್ತಿದ್ದರು. "ಛೆ, ಮುಖ್ಯವಾದದ್ದು ಮುಂದಿತ್ತು" ಎಂದು ಮೇಷ್ಟ್ರು ನಿಟ್ಟುಸಿರು ಬಿಡುತ್ತಿದ್ದರು.

ಈ ನೆಮ್ಮದಿಯ ನಡುವೆ ಹಲ್ಲಿನ ಡಾಕ್ಟರಮ್ಮ ಬಂದು ಸೇರಿದರು. ಎರಡನೇ ವಾರಕ್ಕೇ, ತಮ್ಮ ಕ್ಲಿನಿಕ್ಕಿನಲ್ಲಿ ಸುಮ್ಮನೆ ಬಿದ್ದಿದ್ದ ಪ್ರೊಜೆಕ್ಟರ್ ತಂದುಕೊಟ್ಟರು. ಹೊಸ ವೈರು, ಹೊಸ ಬಲ್ಬು. ಸ್ವಿಚ್ ಹಾಕಿದರು, ಚಿತ್ರ ಬಂತು. ಅಷ್ಟೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಭಾವನೂ ತಟ್ಟಿದರು, ಕೈ ಖಾಲಿಯಿತ್ತಲ್ಲ. ಆಮೇಲೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒಂದು ಕ್ಷಣ ಅತ್ತಿತ್ತ ನೋಡಿ, ಹಿಂದಿನ ಬೆಂಚಿನಲ್ಲಿ ಟೈಪ್‌ರೈಟರುಗಳ ಪಕ್ಕ ಹೋಗಿ ಕೂತರು.

ಮೇಷ್ಟ್ರು ಮೊದಲ ಸ್ಲೈಡ್ ತೋರಿಸಿದರು, ಎರಡನೆಯದನ್ನು ತೋರಿಸಿದರು. ಬಳಗದ ಇತಿಹಾಸದಲ್ಲಿ ಯಾರೂ ಕಾಣದ ಮೂರನೆಯದಕ್ಕೆ ಎಲ್ಲರೂ ಮುಂದೆ ಬಗ್ಗಿದರು. ಅದರಲ್ಲಿ 'ಧನ್ಯವಾದಗಳು' ಎಂದಿತ್ತು.

"ಮುಂದೆ ಸರ್?" ಎಂದರು ಡಾಕ್ಟರಮ್ಮ.

"ಮುಂದೆ... ಪ್ರಶ್ನೆಗಳಿದ್ರೆ ಕೇಳಬಹುದು."

ಪ್ರಶ್ನೆಗಳಿರಲಿಲ್ಲ. ತಂತ್ರ ಬಲ್ಲ ಬಳಗ ಅತಂತ್ರವಾಗಿ ಕೂತಿತು. ಕಾಫಿ ಬರುವ ಮೊದಲೇ ಕುರ್ಚಿ ಜೋಡಿಸಿದರು.

ಭಾವ ಬೇಗ ಅಂಗಡಿಗೆ ಬಂದದ್ದನ್ನು ಕಂಡು ಅಕ್ಕ ಗಾಬರಿಯಾದಳು. "ಯಾಕ್ರೀ, ಹುಷಾರಿಲ್ವಾ?"

"ಪ್ರೊಜೆಕ್ಟರ್ ಹುಷಾರಾಗಿಬಿಟ್ಟಿದೆ ಕಣೇ" ಎಂದು ಭಾವ ಗಲ್ಲಾದ ಹತ್ತಿರ ಬಂದರು. ಅಷ್ಟರಲ್ಲಿ ಕನ್ನಡಿಯ ಮುಂದಿದ್ದ ಹೆಂಗಸಿಗೆ ಅವರು ನಿಜ ಹೇಳಿಯಾಗಿತ್ತು.

ಮುಂದಿನ ಶನಿವಾರ ಅವರು ಹೊರಡಲೇ ಇಲ್ಲ. ಅಕ್ಕ ನನಗೆ ಫೋನ್ ಮಾಡಿದಳು. "ಲೋ, ನಿನ್ನ ಭಾವ ಮೂರು ಗಿರಾಕಿನ ಓಡಿಸಿದ್ದಾರೆ. ಬಂದು ಕರ್ಕೊಂಡು ಹೋಗೋ. ಇಲ್ಲದಿದ್ರೆ ಅಂಗಡಿ ಮುಚ್ಚಬೇಕಾಗುತ್ತೆ."

ನಾನು ಹೋದೆ. "ಅಲ್ಲಿ ನನಗೇನಯ್ಯಾ ಕೆಲಸ? ವೈರು ಈಗ ತಾನಾಗೇ ನಿಲ್ಲುತ್ತೆ" ಎಂದರು ಭಾವ. ಹೇಳುತ್ತಲೇ ಚಪ್ಪಲಿ ಮೆಟ್ಟಿಕೊಂಡಿದ್ದರು.

ನಾವು ಹೋದಾಗ ಹಾಲ್‌ನಲ್ಲಿ ಹಳೆಯ ಗಲಾಟೆ ಮರಳಿ ಬಂದಿತ್ತು. ಗಡ್ಡ ಎಂದೇ ಹೆಸರಾದ, ತತ್ವದಲ್ಲಿ ಕೂದಲೆಳೆಯಷ್ಟೂ ರಾಜಿಯಾಗದ ಸದಸ್ಯ, ಹೊಸ ಪ್ರೊಜೆಕ್ಟರನ್ನು ಬೋರಲು ಹಾಕಿ ಕೂತಿದ್ದ. "ಇದರೊಳಗೆ ಏನಿದೆ ಅಂತ ನಮಗೆ ಗೊತ್ತೇ ಇಲ್ಲ. ಗೊತ್ತಿಲ್ಲದ್ದನ್ನ ಬಳಸೋದು ಗುಲಾಮಗಿರಿ."

"ಅಯ್ಯೋ, ಚೆನ್ನಾಗೇ ಇದೆಯಲ್ಲ!" ಎಂದರು ಡಾಕ್ಟರಮ್ಮ.

"ಅದೇ ಸಮಸ್ಯೆ ಡಾಕ್ಟ್ರೇ. ಯಾಕೆ ಚೆನ್ನಾಗಿದೆ ಅಂತ ತಿಳೀಬೇಕಲ್ಲ? ನೀವು ಬಾಯಿ ಬಿಡಿಸಿ ನೋಡಲ್ವಾ?"

"ನೋವಿದ್ರೆ ನೋಡ್ತೀನಪ್ಪ. ಇಲ್ಲದವರನ್ನ ಹಿಡಿದು ಕೂರಿಸಲ್ಲ."

ಮೇಷ್ಟ್ರು ಗಡ್ಡನ ಪಕ್ಷ. ಮೂರನೇ ಸ್ಲೈಡಿನ ಅವಮಾನ ಅವರಿಗಿನ್ನೂ ಹಸಿಯಾಗಿತ್ತು. ತೊಂದರೆ ಒಂದೇ: ತಿರುಪು ತೀರ ಸಣ್ಣವು, ಯಾರ ಬಳಿಯೂ ಅಷ್ಟು ಸಣ್ಣ ಸ್ಕ್ರೂಡ್ರೈವರ್ ಇರಲಿಲ್ಲ. ಎಲ್ಲರ ಕಣ್ಣೂ ಒಟ್ಟಿಗೆ ಕನ್ನಡಕದ ಅಂಗಡಿಯವರ ಅಂಗಿಯ ಜೇಬಿನ ಕಡೆ ತಿರುಗಿತು.

ಭಾವ ಜೇಬಿನ ಮೇಲೆ ಕೈಯಿಟ್ಟರು. ಬಿಚ್ಚಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ?

"ಬಿಚ್ಚಿದ್ರೆ ಹಾಳಾಗುತ್ತೆ ನೋಡಿ. ಆಮೇಲೆ ನಾನು ಹೇಳಲಿಲ್ಲ ಅನ್ಬೇಡಿ" ಎಂದರು.

"ಏನೂ ಆಗಲ್ಲ, ಕೊಡಿ ಅಂಕಲ್."

ಭಾವನ ಮಾತಿಗೆ ಯಾರೂ ಕಿವಿಗೊಡದಿರುವ ಪದ್ಧತಿ ಅಂದು ಮೊದಲ ಸಲ ಅವರ ನೆರವಿಗೆ ಬಂತು. ಸ್ಕ್ರೂಡ್ರೈವರನ್ನು ಒರೆಸಿ, ಎರಡೂ ಕೈಯಲ್ಲಿ ಕೊಟ್ಟರು.

ಅದೊಂದು ಅದ್ಭುತ ಸಭೆ. ಕುರ್ಚಿ ಬಿಟ್ಟೆದ್ದು ಎಲ್ಲರೂ ಮೇಜಿನ ಮೇಲೆ ಬಾಗಿದ್ದರು, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಡಾಕ್ಟರಮ್ಮನೂ ಕೊನೆಗೆ ತಡೆಯಲಾರದೆ, "ಸರಿಯಿರಿ, ಹಾಗೆ ಕೀಳ್ಬಾರದು" ಎಂದು ಕೈ ಹಾಕಿದರು. ಒಳಗೆ ಏನಿದೆ ಎಂಬುದು ಕೊನೆಗೂ ಗೊತ್ತಾಯಿತು; ಅದನ್ನೆಲ್ಲ ವಾಪಸ್ಸು ಹೇಗೆ ತುಂಬುವುದು ಎಂಬುದು ಗೊತ್ತಾಗಲಿಲ್ಲ. ಮುಚ್ಚಳ ಹಾಕಿದ ಮೇಲೂ ಒಂದು ಸ್ಪ್ರಿಂಗು ಮೇಜಿನ ಮೇಲೇ ಉಳಿದಿತ್ತು. ಸ್ವಿಚ್ ಒತ್ತಿದರೆ ಪ್ರೊಜೆಕ್ಟರ್ ಗೊರಕೆ ಹೊಡೆಯಿತು, ಕಣ್ಣು ಬಿಡಲಿಲ್ಲ.

ಟೈಪಿಂಗ್ ಮೇಡಂ ಬೀರು ತೆರೆದು ಹಳೆಯದನ್ನು ಹೊರಗೆ ತಂದಿಟ್ಟರು.

"ಯಜಮಾನ್ರೇ, ಎಲ್ಲಿದ್ದೀರಿ? ಬನ್ನಿ ಬನ್ನಿ!" ಎಂದು ಮೇಷ್ಟ್ರು ಕೂಗಿದರು.

ಭಾವ ಅವಸರ ಮಾಡಲಿಲ್ಲ. ತೋಳು ಮಡಿಸಿಕೊಂಡು ಬಂದು, ವೈರನ್ನು ಬೆರಳಲ್ಲಿ ತೂಗಿ ನೋಡಿ, ಎತ್ತಿ, ಸ್ವಲ್ಪ ಎಡಕ್ಕೆ ವಾಲಿದರು. ಗೋಡೆ ಬೆಳಗಿತು.

"ಕೈ ನೋಯಲ್ವಾ ಅಂಕಲ್?" ಎಂದರು ಡಾಕ್ಟರಮ್ಮ.

"ತುಂಬಾ ನೋಯುತ್ತೆ ಕಣಮ್ಮ" ಎಂದರು ಭಾವ. ಅಷ್ಟು ಸಂತೋಷವಾಗಿ ನೋವು ತೋಡಿಕೊಂಡವರನ್ನು ನಾನು ಕಂಡಿಲ್ಲ.

ಅಕ್ಕನ ವ್ಯಾಪಾರ ಈಗ ಚೆನ್ನಾಗಿದೆ. ಮೇಷ್ಟ್ರು ಪಾಠ ಕಲಿತು, ರಜೆಯಲ್ಲಿ ಕೂತು ಇನ್ನೂ ಮೂವತ್ತು ಸ್ಲೈಡ್ ತಯಾರಿಸಿದ್ದಾರಂತೆ. ಭಾವನ ದಯೆಯಿಂದ ಅವನ್ನು ನೋಡುವ ಪ್ರಸಂಗ ನಮಗಿನ್ನೂ ಬಂದಿಲ್ಲ.