ನಾನು ಓದದೇ ಬಿಟ್ಟ ಚೀಟಿ

ಮೌಲಾಸಾಬ್, ಆ ಗೋಡೆ ಬಿದ್ದದ್ದು ನಿಮ್ಮ ಕೈಕೆಲಸದ ತಪ್ಪಿನಿಂದಲ್ಲ. ನೀವು ಕೊಟ್ಟ ಎಚ್ಚರಿಕೆಯನ್ನು ಬರೆದುಕೊಂಡು ಮುಚ್ಚಿಟ್ಟವನು ನಾನು. ವಿಚಾರಣೆಯಲ್ಲಿ, ಯಾರೂ ಆಕ್ಷೇಪ ಎತ್ತಿರಲಿಲ್ಲ ಎಂದವನೂ ನಾನೇ.

ಕುಷ್ಟಗಿ ಬಳಿಯ ಹಾಸ್ಟೆಲಿನ ನಕ್ಷೆಯಲ್ಲಿ ಯಾವುದು ಬೇಕು, ಖರ್ಚು ಇಳಿಸಲು ಯಾವುದನ್ನು ಬಿಡಬಹುದು ಎಂದು ನೋಡಲು ನಾವು ಎಂಜಿನಿಯರುಗಳು ಕೊಪ್ಪಳದ ಕಚೇರಿಯಲ್ಲಿ ಕೂತಿದ್ದೆವು. ಪ್ರತಿ ಭಾಗದ ಕೆಲಸವನ್ನು ಎರಡೇ ಪದದಲ್ಲಿ ಬರೆಯಬೇಕು, ಆಮೇಲೆ ಬೇರೆ ದಾರಿ ಹುಡುಕಬೇಕು. ಬೆಳಿಗ್ಗೆ ಬರೀ ಹೊಸ ಯೋಚನೆಗಳು — ಯಾರೂ ಯಾವುದನ್ನೂ ಬೇಡ ಎನ್ನುವಂತಿಲ್ಲ. ಆಕ್ಷೇಪವಿದ್ದರೆ ಹಳದಿ ಚೀಟಿಯಲ್ಲಿ ಬರೆದಿಟ್ಟು ಮಧ್ಯಾಹ್ನ ಓದಬೇಕು. ಈ ವಿಧಾನ ಕಲಿತು ಬಂದವನು ನಾನೊಬ್ಬನೇ. ಆ ಹೆಮ್ಮೆ ಬೇರೆ.

ತಡೆಗೋಡೆಯ ಹಿಂದಿನ ಜಲ್ಲಿ, ಪೈಪುಗಳ ಮುಂದೆ ‘ನೀರು ಹೊರಹಾಕುತ್ತದೆ’ ಎಂದು ಬರೆದೆ. ಮಳೆಯೇ ಅಪರೂಪದ ಕಡೆ ಇವೇಕೆ, ತೆಗೆದುಬಿಡೋಣ ಎಂದೆ. ಎಲ್ಲರೂ ತಲೆದೂಗಿದರು. ಗೋಡೆ ಕಟ್ಟುವ ಗೌಂಡಿ ಎಂದು ಕರೆಸಿದ್ದ ನೀವು ಮೂಲೆಯ ಕುರ್ಚಿಯಿಂದ ಎದ್ದಿರಿ.

“ಕರೀ ಎರಿ ಮಣ್ಣ ಐತ್ರಿ ಸಾಹೇಬ್ರ. ಒಂದ್ ಮಳಿ ಕುಡದ್ರ ಉಬ್ಬತೈತಿ, ಗ್ವಾಡಿ ನೂಕತೈತಿ. ಅದೇನ್ ನಿಮ್ಮ ಹಾಳಿ ಓದಿ ನಿಂದ್ರತೈತೇನ್ರಿ?”

ಎಲ್ಲರೂ ನಕ್ಕರು. ಮಧ್ಯಾಹ್ನ ಖಂಡಿತ ಓದುತ್ತೇನೆ ಎಂದು ಚೀಟಿ ಬರೆದುಕೊಂಡೆ. ನೀವು ನಂಬಿ ಕೆಲಸದ ಜಾಗಕ್ಕೆ ಹೊರಟುಹೋದಿರಿ. ಮಧ್ಯಾಹ್ನ — ಚೀಟಿ ನನ್ನ ಅಂಗೈ ಕೆಳಗೇ ಇತ್ತು. ಓದಿದ್ದರೆ ನನ್ನ ಯೋಚನೆ ಬಿದ್ದುಹೋಗುತ್ತಿತ್ತು. ಓದಲಿಲ್ಲ.

ಚೀಟಿ ಓದಿಯೇ ತೀರ್ಮಾನಿಸಿದ್ದಾರೆ ಎಂದುಕೊಂಡು ನೀವು ಜಲ್ಲಿ, ಪೈಪು ಇಲ್ಲದೆಯೇ ಗೋಡೆ ಕಟ್ಟಿದಿರಿ. ಎರಡು ದಿನ ಬಿಡದೆ ಮಳೆಯಾದ ಮೇಲೆ ಗೋಡೆಯ ಬಿರುಕು ನೋಡಲು ಬಗ್ಗಿದ್ದೆ. “ಈ ಕಡಿ ಬರ್ರಿ ಸಾಹೇಬ್ರ” ಎಂದಿರಿ — ಬೆನ್ನಿಗೆ ನಿಮ್ಮ ಕೈ ಬಡಿಯಿತು, ನಾನು ಕೆಸರಿಗೆ ಬಿದ್ದೆ. ಆಮೇಲೆ ಆ ಸದ್ದು. ತಿರುಗಿದಾಗ ಬಿದ್ದ ಗೋಡೆಯಡಿ ನಿಮ್ಮ ಎಡಗಾಲು ಕಾಣುತ್ತಿರಲಿಲ್ಲ.

ಸಿಮೆಂಟು ಮಾಲು ಸರಿಯಾಗಿ ಕಲಸಿಲ್ಲ ಎಂದು ವರದಿ ನಿಮ್ಮ ಮೇಲೆ ಬಂತು. ಈಗ ಗಂಗಾವತಿಯವರೆಗೂ ಯಾರೂ ನಿಮ್ಮನ್ನು ಕೆಲಸಕ್ಕೆ ಕರೆಯುವುದಿಲ್ಲವಂತೆ. ಆಸ್ಪತ್ರೆಗೆ ಬಂದಾಗ ನೀವು ನನಗೇ ಚಹಾ ತರಿಸಿ, “ನೀವು ಉಳದ್ರಲ್ಲ, ಸಾಕ್ ಬಿಡ್ರಿ” ಎಂದಿರಿ. ಆಗ ಹೇಳಬೇಕಿತ್ತು. ಚಹಾ ಕುಡಿದು ಎದ್ದು ಬಂದೆ.

ಅಂದಿನಿಂದ ಯಾರ ಜೊತೆಗೂ ಹೆಚ್ಚು ಹೊತ್ತು ಕೂರಲಾಗುವುದಿಲ್ಲ — ಮಾತು ಎಲ್ಲಿಂದ ಶುರುವಾದರೂ ಆ ಗೋಡೆಯ ಬಳಿ ಬಂದು ನಿಲ್ಲುತ್ತದೆ, ಅಲ್ಲಿಗೆ ನಾನು ಎದ್ದುಬಿಡುತ್ತೇನೆ. ಮಳೆ ಬಂದರೆ ಬಾಡಿಗೆ ಕೋಣೆಯಲ್ಲಿ ಮಂಚವನ್ನು ಗೋಡೆಯಿಂದ ದೂರ ಎಳೆದುಕೊಳ್ಳುತ್ತೇನೆ. ಬೆನ್ನ ಮೇಲೆ ನಿಮ್ಮ ಕೈ ಇನ್ನೂ ಇದೆ.

ಚೀಟಿಯನ್ನು ಹರಿದು ಹಾಕಿಲ್ಲ. ಅದರಲ್ಲಿ ನಿಮ್ಮ ಹೆಸರೂ ಇರಲಿಲ್ಲ. ‘ಗೌಂಡಿ’ ಎಂದಷ್ಟೇ ಬರೆದಿದ್ದೆ. ಇವತ್ತು ಅದರ ಕೆಳಗೆ ನಿಮ್ಮ ಹೆಸರು, ಅದರ ಕೆಳಗೆ ನನ್ನ ಸಹಿ ಹಾಕಿದ್ದೇನೆ. ನಾಳೆ ವಿಚಾರಣೆ ಮಾಡಿದ ಅಧಿಕಾರಿಯ ಮುಂದೆ ನಿಂತು ಓದುತ್ತೇನೆ. ಅಲ್ಲಿಂದ ನಿಮ್ಮ ಮನೆಗೆ ಬರುತ್ತೇನೆ. ಈ ಸಲ ಚಹಾ ತರಿಸಬೇಡಿ.